ಕಿಡ್ನಿಯಲ್ಲಿ ಗಡ್ಡೆ: ಸಿಟಿ ಸ್ಕ್ಯಾನ್ ನೋಡಿಯೇ ಕ್ಯಾನ್ಸರ್ ಹೌದೋ ಅಲ್ಲವೋ ಹೇಳಬಹುದಾ?

ಹೊಂಗೆನೆರಳು:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ. ಹೊಟ್ಟೆ ಉಬ್ಬರ ಜಾಸ್ತಿ ಆಯಿತು ಅಂತ ಅಲ್ಟ್ರಾಸೌಂಡ್ ಮಾಡಿಸಿದೆವು. ಹೊಟ್ಟೆಯಲ್ಲಿ ಏನೂ ಸಿಗಲಿಲ್ಲ, ಆದರೆ ಎಡ ಕಿಡ್ನಿಯಲ್ಲಿ ಸುಮಾರು 3 ಸೆಂ.ಮೀ. ಗಡ್ಡೆ ಇದೆ ಅಂತ ಬಂತು. ಘನ ಗಡ್ಡೆ ಇದ್ದಂತಿದೆ, ಕಾಂಟ್ರಾಸ್ಟ್ (ಚಿತ್ರದಲ್ಲಿ ಬೆಳ್ಳಗೆ ಕಾಣಲು ರಕ್ತನಾಳಕ್ಕೆ ಚುಚ್ಚುವ ಔಷಧಿ) ಕೊಟ್ಟು ಸಿಟಿ ಮಾಡಿಸಿ ಎಂದಷ್ಟೇ ಬರೆದಿದ್ದಾರೆ. ಅಮ್ಮನಿಗೆ ಸೊಂಟನೋವಿಲ್ಲ, ಮೂತ್ರದಲ್ಲಿ ರಕ್ತ ಬಂದಿಲ್ಲ, ತೂಕವೂ ಇಳಿದಿಲ್ಲ. ಅದಕ್ಕೇ ನಮಗೆ ನಂಬೋಕೇ ಆಗುತ್ತಿಲ್ಲ.

ಯೂರಾಲಜಿಸ್ಟ್ (ಕಿಡ್ನಿ, ಮೂತ್ರನಾಳದ ಆಪರೇಷನ್ ಮಾಡುವ ಡಾಕ್ಟರ್) ಹತ್ತಿರ ಹೋದಾಗ ಒಂದು ಸಲ ಕಾಂಟ್ರಾಸ್ಟ್ ಇಲ್ಲದೆ, ಆಮೇಲೆ ಕಾಂಟ್ರಾಸ್ಟ್ ಕೊಟ್ಟು ಬೇರೆ ಬೇರೆ ಹೊತ್ತಿಗೆ ಮತ್ತೆ ಮತ್ತೆ, ಒಟ್ಟು ನಾಲ್ಕು ಸುತ್ತು ಸ್ಕ್ಯಾನ್ ಬೇಕು ಅಂದರು. ಒಂದೇ ಜಾಗವನ್ನು ನಾಲ್ಕು ಸಲ ಯಾಕೆ ತೆಗೆಯಬೇಕು? ಅಷ್ಟು ರೇಡಿಯೇಷನ್ ಬೇಕಾ? ಒಂದೇ ಸಲ ಕಾಂಟ್ರಾಸ್ಟ್ ಕೊಟ್ಟು ತೆಗೆದರೆ ಸಾಲದಾ?

ಇನ್ನೊಂದು ಭಯ, ಕಿಡ್ನಿ ಹೇಗಿದೆ ಅಂತ ನೋಡುವ ರಕ್ತ ಪರೀಕ್ಷೆಯಲ್ಲಿ ಅಮ್ಮನ ಕ್ರಿಯಾಟಿನಿನ್ 1.3 ಇದೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುತ್ತಾರೆ. ಕಾಂಟ್ರಾಸ್ಟ್ ಕೊಟ್ಟರೆ ಇರುವ ಕಿಡ್ನಿಯೂ ಹಾಳಾಗುತ್ತದೆ ಅಂತ ಮನೆಯಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ.

ಡಾಕ್ಟರ್ ಹೇಳಿದ ಕೊನೆಯ ಮಾತು ನನಗೆ ಅರ್ಥವೇ ಆಗಲಿಲ್ಲ. ಸಿಟಿಯಲ್ಲಿ ಸ್ಪಷ್ಟವಾಗಿ ಕಂಡರೆ ಬಯಾಪ್ಸಿ ಇಲ್ಲದೆ ನೇರ ಆಪರೇಷನ್‌ಗೆ ಹೋಗಬಹುದು ಅಂದರು. ಬೇರೆ ಕ್ಯಾನ್ಸರ್‌ಗಳಲ್ಲಿ ಮೊದಲು ಚೂರು ತೆಗೆದು ಟೆಸ್ಟ್ ಮಾಡುತ್ತಾರಲ್ವಾ, ಇಲ್ಲಿ ಬರೀ ಚಿತ್ರ ನೋಡಿ ಹೇಗೆ ನಿರ್ಧಾರ ಮಾಡುತ್ತಾರೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ. ಎರಡು ವರ್ಷದ ಹಿಂದೆ ಕಿಡ್ನಿ ಕಲ್ಲಿಗೆ ಅಂತ ಅಮ್ಮನಿಗೆ ಒಂದು ಸಿಟಿ ಆಗಿತ್ತು, ಅದು ಈಗ ಏನಾದರೂ ಉಪಯೋಗಕ್ಕೆ ಬರುತ್ತದಾ ಅಂತಲೂ ಹೇಳಿ.

---

ಬೂದುಬಿಳುಪು:

ನಾನು ರೇಡಿಯಾಲಜಿಸ್ಟ್. ಇಂಥ ಸ್ಕ್ಯಾನ್ ಓದುವುದೇ ನನ್ನ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನೀವು ಕೇಳಿದ ಮೊದಲ ಪ್ರಶ್ನೆಯಲ್ಲೇ ಇಡೀ ವಿಷಯ ಇದೆ.

ಮೊದಲು ಲಕ್ಷಣ ಇಲ್ಲದಿರುವ ಬಗ್ಗೆ. ರಕ್ತ, ನೋವು, ಕೈಗೆ ಸಿಗುವ ಗಂಟು, ಈ ಮೂರೂ ಒಟ್ಟಿಗೆ ಬಂದು ಕಿಡ್ನಿ ಕ್ಯಾನ್ಸರ್ ಗೊತ್ತಾಗುತ್ತಿದ್ದ ಕಾಲ ಹೋಯಿತು. ಈಗ ಹೆಚ್ಚಿನವು ನಿಮ್ಮ ಅಮ್ಮನಿಗೆ ಆದ ಹಾಗೆ ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಸಿಗುತ್ತವೆ. ನೋವಿಲ್ಲ ಅಂತ ಸುಮ್ನೆ ಬಿಡಬೇಡಿ. ಹಾಗೆಯೇ, ಚಿಕ್ಕದಿರುವಾಗಲೇ ಸಿಕ್ಕಿದೆ ಅನ್ನುವುದು ಒಳ್ಳೆಯದೇ.

ಈಗ ನಾಲ್ಕು ಸುತ್ತು ಯಾಕೆ ಅಂತ. ಸಿಟಿಯಲ್ಲಿ ಪ್ರತಿ ಚುಕ್ಕೆಗೂ ಒಂದು ಅಂಕಿ ಇರುತ್ತದೆ. ಸಿಟಿ ಯಂತ್ರ ರೂಪಿಸಿ 1979ರಲ್ಲಿ ನೊಬೆಲ್ ಪಡೆದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಹೆಸರಲ್ಲೇ ಅದನ್ನು ಹೌನ್ಸ್‌ಫೀಲ್ಡ್ ಯೂನಿಟ್ ಅನ್ನುತ್ತಾರೆ, ರಿಪೋರ್ಟಿನಲ್ಲಿ ಎಚ್‌ಯು ಅಂತ ಬರೆಯುತ್ತೇವೆ. ನೀರಿಗೆ 0, ಗಾಳಿಗೆ ಮೈನಸ್ 1000, ಕೊಬ್ಬು ಮೈನಸ್‌ನಲ್ಲೇ ಇರುತ್ತದೆ, ಕಾಂಟ್ರಾಸ್ಟ್ ಇಲ್ಲದ ಕಿಡ್ನಿ ಸುಮಾರು 30ರಿಂದ 40. ಕಿಡ್ನಿ ಗಡ್ಡೆಯ ವಿಷಯದಲ್ಲಿ ನಾವು ಕೇಳುವ ದೊಡ್ಡ ಪ್ರಶ್ನೆ ಒಂದೇ: ಈ ಗಡ್ಡೆಗೆ ರಕ್ತ ಹರಿಯುತ್ತಿದೆಯಾ? ಕಾಂಟ್ರಾಸ್ಟ್ ರಕ್ತದ ಜೊತೆ ಹೋಗುತ್ತದೆ. ಗಡ್ಡೆಯೊಳಗೆ ಜೀವಂತ ಅಂಗಾಂಶ ಇದ್ದರೆ ಅಲ್ಲಿಯ ಅಂಕಿ ಏರುತ್ತದೆ. ಬರೀ ನೀರು ತುಂಬಿದ ಸಿಸ್ಟ್ ಆಗಿದ್ದರೆ ಏರುವುದಿಲ್ಲ.

ಏರಿತೋ ಇಲ್ಲವೋ ಅಂತ ಹೇಳಬೇಕಾದರೆ ಮೊದಲು ಎಷ್ಟಿತ್ತು ಅಂತ ಗೊತ್ತಿರಬೇಕು. ಬಟ್ಟೆ ಎಷ್ಟು ನೀರು ಹೀರಿತು ಅಂತ ಹೇಳಲು ಅದು ಒಣಗಿದ್ದಾಗಿನ ತೂಕ ಬೇಕಲ್ವಾ, ಹಾಗೆ. ಅದಕ್ಕೇ ಕಾಂಟ್ರಾಸ್ಟ್ ಇಲ್ಲದ ಮೊದಲ ಸುತ್ತು ತುಂಬಾ ಮುಖ್ಯ. ರೇಡಿಯೇಷನ್ ಉಳಿಸಬೇಕು ಅಂತ ಅದನ್ನೇ ಬಿಟ್ಟು ಬರೀ ಕಾಂಟ್ರಾಸ್ಟ್ ಚಿತ್ರ ತೆಗೆದು ಕಳಿಸುವುದನ್ನು ನೋಡಿದರೆ ನನಗೆ ಬೇಸರ ಆಗುತ್ತದೆ. ಗಡ್ಡೆ 60 ಎಚ್‌ಯು ಇದೆ ಅಂತ ಇಟ್ಟುಕೊಳ್ಳಿ. ಅದು 30ರಿಂದ 60ಕ್ಕೆ ಏರಿದ ಕ್ಯಾನ್ಸರ್ ಇರಬಹುದು, ಮೊದಲಿಂದಲೂ 60 ಇದ್ದ ಹಳೇ ರಕ್ತ ತುಂಬಿದ ಸಿಸ್ಟ್ ಕೂಡ ಇರಬಹುದು. ಹಿಂದಿನ ಅಂಕಿ ಇಲ್ಲದೆ ಯಾರೂ ಹೇಳಲಾರರು.

ನಾವು ಇಟ್ಟುಕೊಂಡಿರುವ ಗೆರೆ ಹೀಗಿದೆ. ಎರಡರ ನಡುವೆ 20ಕ್ಕಿಂತ ಹೆಚ್ಚು ಏರಿದರೆ ಗಡ್ಡೆ ಕಾಂಟ್ರಾಸ್ಟ್ ಹೀರಿದೆ ಅಂತಲೇ ಲೆಕ್ಕ. 10ಕ್ಕಿಂತ ಕಡಿಮೆ ಏರಿದರೆ ಇಲ್ಲ ಅಂತ. 10ರಿಂದ 20ರ ನಡುವೆ ಬಂದರೆ ಅನುಮಾನ. ಯಾಕೆಂದರೆ ಚಿಕ್ಕ ಸಿಸ್ಟ್ ಸುತ್ತಲೂ ಕಿಡ್ನಿ ತುಂಬಾ ಬೆಳ್ಳಗಾದಾಗ ಕಂಪ್ಯೂಟರ್ ಲೆಕ್ಕದಲ್ಲೇ ಸಿಸ್ಟ್‌ನ ಅಂಕಿ ಸುಳ್ಳಾಗಿ ಸ್ವಲ್ಪ ಮೇಲೆ ಹೋಗುತ್ತದೆ. ಆಗ ಎಂಆರ್‌ಐ ಅಥವಾ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಕೇಳುತ್ತೇವೆ. ಎರಡು ಬಗೆಯ ಎಕ್ಸ್‌ರೇ ಬಳಸುವ ಡ್ಯುಯಲ್ ಎನರ್ಜಿ ಸಿಟಿ ಇರುವ ಕಡೆ, ಕಾಂಟ್ರಾಸ್ಟ್‌ನಲ್ಲಿರುವ ಅಯೋಡಿನ್ ಗಡ್ಡೆಯೊಳಗೆ ಎಷ್ಟಿದೆ ಅಂತ ನೇರವಾಗಿ ಅಳೆಯಬಹುದು, ಆಗ ಈ ತಲೆನೋವು ಕಡಿಮೆ.

ಉಳಿದ ಸುತ್ತುಗಳಿಗೂ ಒಂದೊಂದು ಕಾರಣ ಇದೆ. ಕಾಂಟ್ರಾಸ್ಟ್ ಚುಚ್ಚಿದ 30–40 ಸೆಕೆಂಡಿಗೆ ಕಿಡ್ನಿಯ ಹೊರಪದರ ಮಾತ್ರ ಬೆಳ್ಳಗಾಗುತ್ತದೆ, ಒಳಭಾಗ ಇನ್ನೂ ಕಪ್ಪಗಿರುತ್ತದೆ. ರಕ್ತನಾಳಗಳು ಈಗ ಚೆನ್ನಾಗಿ ಕಾಣುತ್ತವೆ, ಆಪರೇಷನ್ ಮಾಡುವವರಿಗೆ ಇದು ಬೇಕೇ ಬೇಕು. ಕ್ಲಿಯರ್ ಸೆಲ್ ಅನ್ನುವ ಸಾಮಾನ್ಯ ಜಾತಿಯ ಕ್ಯಾನ್ಸರ್ ಈ ಹೊತ್ತಿಗೇ ಜೋರಾಗಿ ಹೊಳೆಯುತ್ತದೆ. ಆದರೆ ಒಳಭಾಗದಲ್ಲಿರುವ ಚಿಕ್ಕ ಗಡ್ಡೆ ಈ ಹಂತದಲ್ಲಿ ಕಣ್ಣು ತಪ್ಪಬಹುದು. ಸುಮಾರು 80ರಿಂದ 120 ಸೆಕೆಂಡಿಗೆ ಇಡೀ ಕಿಡ್ನಿ ಒಂದೇ ಸಮ ಬೆಳ್ಳಗಾಗುತ್ತದೆ. ಗಡ್ಡೆ ಹುಡುಕಲು, ಅಳೆಯಲು ಇದೇ ಒಳ್ಳೆಯ ಹೊತ್ತು. ಕೆಲವು ನಿಮಿಷ ಕಳೆದ ಮೇಲೆ ಕಾಂಟ್ರಾಸ್ಟ್ ಮೂತ್ರದ ಜೊತೆ ಇಳಿದು ಮೂತ್ರನಾಳ ತುಂಬುತ್ತದೆ. ಗಡ್ಡೆ ಮೂತ್ರದ ದಾರಿಯ ಒಳಗೋಡೆಯಿಂದಲೇ ಹುಟ್ಟಿದೆಯಾ, ಎಷ್ಟು ಹತ್ತಿರ ಇದೆ ಅಂತ ಆಗ ಕಾಣುತ್ತದೆ. ಒಳಗೋಡೆಯಿಂದ ಹುಟ್ಟಿದ್ದಾದರೆ ಅದು ಬೇರೆಯೇ ಜಾತಿಯ ಕ್ಯಾನ್ಸರ್, ಅದಕ್ಕೆ ಆಪರೇಷನ್ನೂ ಬೇರೆ. ಈ ಕೊನೆಯ ಸುತ್ತು ಎಲ್ಲರಿಗೂ ಬೇಕಾಗುವುದಿಲ್ಲ. ನಿಮ್ಮ ಡಾಕ್ಟರನ್ನು ಕೇಳಿ ನೋಡಿ, ಬಿಡಬಹುದು ಅಂದರೆ ಒಂದು ಸುತ್ತು ಉಳಿಯಿತು.

ರೇಡಿಯೇಷನ್ ಬಗ್ಗೆ: ಹೊಟ್ಟೆಯ ಒಂದು ಸುತ್ತಿಗೆ ಸಾಮಾನ್ಯವಾಗಿ 5ರಿಂದ 10 ಮಿಲಿಸೀವರ್ಟ್, ಯಂತ್ರ ಮತ್ತು ದೇಹದ ಗಾತ್ರ ನೋಡಿ ಹೆಚ್ಚು ಕಡಿಮೆ ಆಗುತ್ತದೆ. ಭೂಮಿಯ ಮೇಲೆ ಸುಮ್ಮನೆ ಬದುಕಿದ್ದಕ್ಕೇ ವರ್ಷಕ್ಕೆ ಸರಾಸರಿ 2.4 ಬರುತ್ತದೆ. ಕಡಿಮೆಯೇನಲ್ಲ, ಒಪ್ಪುತ್ತೇನೆ. ಇಪ್ಪತ್ತು ವರ್ಷದ ಹುಡುಗಿಗೆ ಆಗಿದ್ದರೆ ನಾನೇ ಎಂಆರ್‌ಐ ಕಡೆ ನೋಡುತ್ತಿದ್ದೆ. 61ರಲ್ಲಿ, ಘನ ಗಡ್ಡೆ ಅಂತ ಅನುಮಾನ ಇರುವಾಗ, ಸರಿಯಾದ ಉತ್ತರ ಸಿಗುವುದೇ ಮುಖ್ಯ.

ಹಳೇ ಸಿಟಿ ದಯವಿಟ್ಟು ಹುಡುಕಿ ತನ್ನಿ. ಅದಕ್ಕಿಂತ ಉಪಯೋಗದ ವಸ್ತು ನಿಮ್ಮ ಮನೆಯಲ್ಲಿ ಇಲ್ಲ.

---

ರಾತ್ರಿಪಾಳಿ:

ನಾನು ಸಿಟಿ ಟೆಕ್ನಿಷಿಯನ್, ಯಂತ್ರದ ಪಕ್ಕ ನಿಂತು ಕೆಲಸ ಮಾಡುವವನು. ಸ್ಕ್ಯಾನ್ ದಿನದ ವಿಷಯ ನಾನು ಹೇಳುತ್ತೇನೆ.

ಕ್ರಿಯಾಟಿನಿನ್ ಅಂಕಿ ಒಂದನ್ನೇ ನೋಡಿ ಹೆದರಬೇಡಿ. ಅದರಿಂದ ಇಜಿಎಫ್‌ಆರ್, ಅಂದರೆ ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತಿದೆ ಅನ್ನುವ ಅಂಕಿ, ಲೆಕ್ಕ ಹಾಕುತ್ತಾರೆ. 61 ವರ್ಷದ ಹೆಂಗಸಿಗೆ 1.3 ಅಂದರೆ ಸುಮಾರು 47 ಬರುತ್ತದೆ. 30ಕ್ಕಿಂತ ಕೆಳಗೆ ಇದ್ದಾಗ, ಇಲ್ಲವೇ ಕಿಡ್ನಿ ಕೆಲಸ ಈಗಷ್ಟೇ ದಿಢೀರ್ ಕುಸಿದಿದ್ದಾಗ ನಾವು ತುಂಬಾ ಯೋಚನೆ ಮಾಡುತ್ತೇವೆ, ಮೊದಲೇ ಸಲೈನ್ ಹಾಕುತ್ತೇವೆ. ಈಗಿನ ಕಾಂಟ್ರಾಸ್ಟ್ ಔಷಧಿಗಳಿಂದ ಕಿಡ್ನಿಗೆ ಆಗುವ ತೊಂದರೆ ಹಿಂದೆ ಅಂದುಕೊಂಡಿದ್ದಕ್ಕಿಂತ ಬಹಳ ಕಡಿಮೆ ಅಂತಲೇ ಎಲ್ಲರೂ ಒಪ್ಪಿದ್ದಾರೆ. ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ. ಒಂದು ವೇಳೆ ಕಿಡ್ನಿ ಕೆಲಸ ಕುಸಿದರೆ ಆ ಮಾತ್ರೆ ದೇಹದಲ್ಲೇ ಉಳಿದು ಆಮ್ಲ ಹೆಚ್ಚಾಗಬಹುದು ಅನ್ನುವುದು ಭಯ. ಅದಕ್ಕೆ ಕೆಲವು ಕಡೆ ಸ್ಕ್ಯಾನ್ ದಿನದಿಂದ 48 ಗಂಟೆ ನಿಲ್ಲಿಸಿ, ರಕ್ತ ಪರೀಕ್ಷೆ ಮಾಡಿಸಿ, ಮತ್ತೆ ಶುರು ಮಾಡಿ ಅನ್ನುತ್ತಾರೆ. ಕೆಲವು ಕಡೆ ನಿಲ್ಲಿಸುವುದೇ ಬೇಡ ಅನ್ನುತ್ತಾರೆ. ನೀವು ಹೋಗುವ ಜಾಗದವರು ಹೇಳಿದ ಹಾಗೆ ಮಾಡಿ. ಆದರೆ ಮಾತ್ರೆ ವಿಷಯ ಅವರಿಗೆ ಹೇಳದೇ ಇರಬೇಡಿ. ಹಿಂದೆ ಯಾವಾಗಲಾದರೂ ಕಾಂಟ್ರಾಸ್ಟ್‌ಗೆ ಮೈಯೆಲ್ಲಾ ದದ್ದು, ಉಸಿರು ಕಟ್ಟಿದ್ದು ಆಗಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ. ನೋವಿಗೆ ತಗೊಳ್ಳುವ ಮಾತ್ರೆ ಇದ್ದರೆ ಆ ಎರಡು ದಿನ ಬೇಡ ಅಂತ ಡಾಕ್ಟರ್ ಹೇಳಬಹುದು, ಕೇಳಿಕೊಳ್ಳಿ. ನೀರು ಚೆನ್ನಾಗಿ ಕುಡಿಸಿ.

ಅಮ್ಮನಿಗೆ ಮೊದಲೇ ಹೇಳಿಬಿಡಿ: ಕಾಂಟ್ರಾಸ್ಟ್ ಹೋಗುವಾಗ ಮೈ ಬಿಸಿ ಅನಿಸುತ್ತದೆ, ಬಾಯಲ್ಲಿ ಲೋಹದ ರುಚಿ ಬರುತ್ತದೆ, ಮೂತ್ರ ಹೋಯಿತೇನೋ ಅನಿಸುತ್ತದೆ. ಏನೂ ಆಗಿರುವುದಿಲ್ಲ, ಅರ್ಧ ನಿಮಿಷದಲ್ಲಿ ಹೋಗುತ್ತದೆ. ಗೊತ್ತಿಲ್ಲದೆ ಗಾಬರಿಯಾಗಿ ಅಲುಗಾಡಿದರೆ ಆ ಸುತ್ತು ಹಾಳು, ಮತ್ತೆ ತೆಗೆಯಲು ಕಾಂಟ್ರಾಸ್ಟ್ ಆ ಹಂತ ದಾಟಿಬಿಟ್ಟಿರುತ್ತದೆ.

ಉಸಿರು ಹಿಡಿಯುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. ಕಿಡ್ನಿ ಉಸಿರಿನ ಜೊತೆ ಮೇಲೆ ಕೆಳಗೆ ಸರಿಯುತ್ತದೆ. ಒಂದು ಸುತ್ತಿನಲ್ಲಿ ಜೋರಾಗಿ ಉಸಿರೆಳೆದು, ಇನ್ನೊಂದರಲ್ಲಿ ಅರ್ಧ ಎಳೆದರೆ ಗಡ್ಡೆ ಒಂದೇ ಜಾಗದಲ್ಲಿ ಸಿಗುವುದಿಲ್ಲ, ಮೇಲಿನವರು ಹೇಳಿದ ಅಂಕಿ ಹೋಲಿಕೆ ಕಷ್ಟ ಆಗುತ್ತದೆ. ಪ್ರತಿ ಸಲ ಒಂದೇ ಅಳತೆಯ ಉಸಿರು, ಅಷ್ಟೇ. ವಯಸ್ಸಾದವರಿಗೆ ಹತ್ತು ಸೆಕೆಂಡ್ ಹಿಡಿಯುವುದು ಅಭ್ಯಾಸ ಇಲ್ಲದಿದ್ದರೆ ಕಷ್ಟವೇ.

---

ನೇರಮಾತು:

ಎಲ್ಲಾ ಸರಿ, ಆದರೆ ನಾನು ಒಂದು ಮಾತು ಹೇಳಲೇಬೇಕು. ಬಯಾಪ್ಸಿ ಇಲ್ಲದೆ ಆಪರೇಷನ್‌ಗೆ ಒಪ್ಪಬೇಡಿ. ನಮ್ಮ ಚಿಕ್ಕಪ್ಪನಿಗೆ ಹೀಗೇ ಸಿಟಿ ನೋಡಿ ಕ್ಯಾನ್ಸರ್ ಅಂದರು, ಇಡೀ ಬಲ ಕಿಡ್ನಿ ತೆಗೆದರು. ಆಮೇಲೆ ಲ್ಯಾಬ್ ರಿಪೋರ್ಟಿನಲ್ಲಿ ಆಂಕೊಸೈಟೋಮಾ ಅಂತ ಬಂತು, ಅದು ಕ್ಯಾನ್ಸರೇ ಅಲ್ಲ. ಒಂದು ಒಳ್ಳೆಯ ಕಿಡ್ನಿ ಹೋಯಿತು. ಈಗ ಇರುವ ಒಂದರಲ್ಲೇ ಕಾಪಾಡಿಕೊಂಡು ಬದುಕುತ್ತಿದ್ದಾರೆ. ಚಿತ್ರ ನೋಡಿ ಹೇಳುವವರು ಇಷ್ಟು ಖಚಿತವಾಗಿ ಹೇಗೆ ಮಾತಾಡುತ್ತಾರೆ ಅನ್ನುವುದು ನನಗೆ ಇವತ್ತಿಗೂ ಅರ್ಥ ಆಗಿಲ್ಲ.

---

ಬೂದುಬಿಳುಪು:

ನೇರಮಾತು, ನಿಮ್ಮ ಚಿಕ್ಕಪ್ಪನಿಗೆ ಆದದ್ದು ಕೇಳಿ ನಿಜಕ್ಕೂ ನೋವಾಯಿತು. ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ಸಿಟಿ ಎಲ್ಲಿಯವರೆಗೆ ಹೇಳುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ರೋಗಿಗೆ ಮೊದಲೇ ಬಿಡಿಸಿ ಹೇಳಬೇಕು, ಅದನ್ನು ಹೇಳದಿದ್ದರೆ ತಪ್ಪು ನಮ್ಮ ಕಡೆಯವರದ್ದೇ.

ಸಿಟಿ ಖಚಿತವಾಗಿ ಹೇಳುವುದು ಇವು. ಸಾದಾ ಸಿಸ್ಟ್ ಆದರೆ ಹೇಳುತ್ತದೆ. ಕಾಂಟ್ರಾಸ್ಟ್ ಇಲ್ಲದ ಸುತ್ತಿನಲ್ಲೇ ಒಂದೇ ಸಮ ಮೈನಸ್ 10ರಿಂದ ಪ್ಲಸ್ 20ರೊಳಗೆ ಇದ್ದರೆ ಅದು ನೀರು. ಒಂದೇ ಸಮ 70ಕ್ಕಿಂತ ಹೆಚ್ಚಿದ್ದರೆ ರಕ್ತವೋ ಗಟ್ಟಿ ದ್ರವವೋ ತುಂಬಿದ ಸಿಸ್ಟ್, ಅದರಿಂದಲೂ ಭಯ ಇಲ್ಲ. ಇನ್ನು ಗಡ್ಡೆಯೊಳಗೆ ಕಣ್ಣಿಗೆ ಕಾಣುವ ಕೊಬ್ಬು, ಅಂದರೆ ಮೈನಸ್ 10ಕ್ಕಿಂತ ಕೆಳಗಿನ ಅಂಕಿ ಸಿಕ್ಕಿ, ಸುಣ್ಣದ ಕಲೆ ಇಲ್ಲದಿದ್ದರೆ ಹೆಚ್ಚು ಕಡಿಮೆ ಅದು ಆಂಜಿಯೋಮಯೋಲಿಪೋಮಾ. ಕ್ಯಾನ್ಸರ್ ಅಲ್ಲ, ದೊಡ್ಡದಾದರೆ ಒಳಗೇ ರಕ್ತ ಸೋರುವ ಭಯ ಮಾತ್ರ. ಅದಕ್ಕೇ ನಾವು ತೆಳು ಸ್ಲೈಸ್‌ಗಳಲ್ಲಿ ಕೊಬ್ಬನ್ನು ಹುಡುಕಿ ಹುಡುಕಿ ನೋಡುತ್ತೇವೆ. ಒಂದು ಚಿಕ್ಕ ಕೊಬ್ಬಿನ ಚುಕ್ಕೆ ಸಿಕ್ಕಿದರೆ ಒಂದು ಆಪರೇಷನ್ ತಪ್ಪಬಹುದು.

ಇದಾವುದೂ ಅಲ್ಲದೆ, ಘನವಾಗಿದೆ, ಕೊಬ್ಬಿಲ್ಲ, ಕಾಂಟ್ರಾಸ್ಟ್ ಹೀರುತ್ತದೆ ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆಯೇ ಹೆಚ್ಚು. ಆದರೆ ಪೂರ್ತಿ ಅಲ್ಲ. 4 ಸೆಂ.ಮೀ. ಒಳಗಿನ ಇಂಥ ಗಡ್ಡೆಗಳನ್ನು ತೆಗೆದು ನೋಡಿದಾಗ ಸುಮಾರು ಐದರಲ್ಲಿ ಒಂದು ಕ್ಯಾನ್ಸರ್ ಅಲ್ಲ ಅಂತ ಬರುತ್ತದೆ. ಆಂಕೊಸೈಟೋಮಾ, ಕೊಬ್ಬು ಕಾಣದ ಆಂಜಿಯೋಮಯೋಲಿಪೋಮಾ, ಇವೇ ಹೆಚ್ಚಾಗಿ. ಆಂಕೊಸೈಟೋಮಾದ ನಡುವೆ ನಕ್ಷತ್ರದ ಹಾಗೆ ಗಾಯದ ಗುರುತು ಇರುತ್ತದೆ ಅಂತ ಪುಸ್ತಕದಲ್ಲಿ ಓದುತ್ತೇವೆ, ಆದರೆ ಕ್ಯಾನ್ಸರ್‌ನಲ್ಲೂ ನಡುವೆ ಕೊಳೆತ ಭಾಗ ಹಾಗೆಯೇ ಕಾಣುತ್ತದೆ. ಬರೀ ಸಿಟಿ ನೋಡಿ ಇದು ಆಂಕೊಸೈಟೋಮಾ, ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಜಾತಿಯ ಬಗ್ಗೆ ಸುಳಿವು ಮಾತ್ರ ಸಿಗುತ್ತದೆ. ಬೇಗ ಹೊಳೆದು ಬೇಗ ಮಂಕಾದರೆ ಕ್ಲಿಯರ್ ಸೆಲ್ ಕಡೆ ಮನಸ್ಸು ಹೋಗುತ್ತದೆ, ಕಿಡ್ನಿ ಕ್ಯಾನ್ಸರ್‌ಗಳಲ್ಲಿ ನಾಲ್ಕರಲ್ಲಿ ಮೂರು ಇದೇ. ಮೆಲ್ಲಗೆ, ಸ್ವಲ್ಪವೇ, ಒಂದೇ ಸಮ ಹೀರಿದರೆ ಪ್ಯಾಪಿಲರಿ ಅನ್ನುವ ಜಾತಿ ಇರಬಹುದು. ಕ್ರೋಮೋಫೋಬ್ ಅನ್ನುವ ಮೂರನೇ ಜಾತಿ ಈ ಎರಡರ ನಡುವೆ ಎಲ್ಲೋ ಇರುತ್ತದೆ. ಸುಳಿವು ಸುಳಿವೇ, ಕೊನೆಯ ಮಾತು ಲ್ಯಾಬ್‌ನದ್ದು.

---

ಹಸಿರುಗೌನು:

ಯೂರಾಲಜಿಸ್ಟ್ ಕಡೆಯಿಂದ ಬಯಾಪ್ಸಿ ಬಗ್ಗೆ ಎರಡು ಮಾತು. ಬಯಾಪ್ಸಿ ಯಾವಾಗ ಬೇಕೇ ಬೇಕು? ರೋಗಿಗೆ ಮೊದಲೇ ಬೇರೆ ಜಾಗದ ಕ್ಯಾನ್ಸರ್ ಇದ್ದು ಅದೇ ಇಲ್ಲಿಗೆ ಹರಡಿದೆಯಾ ಅನ್ನುವ ಅನುಮಾನ ಇದ್ದಾಗ. ಲಿಂಫೋಮಾ (ಲಿಂಫ್ ಗ್ರಂಥಿಗಳ ಕ್ಯಾನ್ಸರ್) ಅನಿಸಿದಾಗ, ಅದಕ್ಕೆ ಮದ್ದು ಆಪರೇಷನ್ ಅಲ್ಲ. ಸೋಂಕಿನಿಂದ ಆದ ಗಂಟು ಇರಬಹುದು ಅನಿಸಿದಾಗ. ಸೂಜಿ ಹಾಕಿ ಸುಡುವ ಅಥವಾ ಹೆಪ್ಪುಗಟ್ಟಿಸುವ ಚಿಕಿತ್ಸೆಗೆ ಮೊದಲು. ವಯಸ್ಸು ಜಾಸ್ತಿಯಾಗಿ, ಹೃದಯದ ಕಾಯಿಲೆ ಇದ್ದು, ಸುಮ್ಮನೆ ನೋಡುತ್ತಾ ಕಾಯೋಣ ಅಂತ ಯೋಚಿಸುವಾಗಲೂ ಉಪಯೋಗ ಆಗುತ್ತದೆ.

ಬೇರೆಯವರಿಗೆ ಯಾಕೆ ಹೇಳುವುದಿಲ್ಲ ಅಂದರೆ, ಹತ್ತರಲ್ಲಿ ಒಂದಕ್ಕೂ ಹೆಚ್ಚು ಸಲ ಸೂಜಿಗೆ ಸಿಕ್ಕ ಚೂರಿನಿಂದ ಏನೂ ತಿಳಿಯುವುದಿಲ್ಲ. ಏನೂ ತಿಳಿಯಲಿಲ್ಲ ಅಂದರೆ ಕ್ಯಾನ್ಸರ್ ಇಲ್ಲ ಅಂತ ಅರ್ಥ ಅಲ್ಲ, ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಆಂಕೊಸೈಟೋಮಾ ಮತ್ತು ಕ್ರೋಮೋಫೋಬ್ ಕ್ಯಾನ್ಸರ್ ಎರಡನ್ನೂ ಚಿಕ್ಕ ಚೂರಿನಲ್ಲಿ ಬೇರೆ ಮಾಡುವುದು ಲ್ಯಾಬ್‌ನವರಿಗೂ ಕಷ್ಟ. ಸೂಜಿ ದಾರಿಯಲ್ಲಿ ಕ್ಯಾನ್ಸರ್ ಹರಡುತ್ತದೆ ಅನ್ನುವ ಭಯವನ್ನು ಮಾತ್ರ ಬಿಡಿ, ಅದು ತೀರಾ ಅಪರೂಪ.

ಆರೋಗ್ಯವಾಗಿರುವ ರೋಗಿ, ಘನ ಗಡ್ಡೆ, ಬಯಾಪ್ಸಿ ಏನೇ ಹೇಳಿದರೂ ತೆಗೆಸಿಕೊಳ್ಳುವುದೇ ಸರಿ ಅನ್ನುವ ಮನಸ್ಸು, ಹೀಗಿದ್ದರೆ ಬಯಾಪ್ಸಿಯಿಂದ ನಿರ್ಧಾರ ಬದಲಾಗುವುದಿಲ್ಲ. ಬದಲಾಗುತ್ತದೆ ಅಂದರೆ ಧಾರಾಳವಾಗಿ ಮಾಡಿಸಿ. ಡಾಕ್ಟರ್ ಹತ್ತಿರ ನೇರವಾಗಿ ಕೇಳಿ: ಬಯಾಪ್ಸಿ ಫಲಿತಾಂಶ ಬೇರೆ ಬಂದರೆ ನಿಮ್ಮ ಸಲಹೆ ಬದಲಾಗುತ್ತದಾ?

ಚಿಕ್ಕಪ್ಪನ ವಿಷಯದಲ್ಲಿ ನನಗೆ ಕಾಡುವ ಪ್ರಶ್ನೆ ಬೇರೆ. ಗಡ್ಡೆ ಎಷ್ಟು ದೊಡ್ಡದಿತ್ತು, ಎಲ್ಲಿತ್ತು, ಗಡ್ಡೆ ಮಾತ್ರ ತೆಗೆದು ಕಿಡ್ನಿ ಉಳಿಸಲು ಆಗುತ್ತಿತ್ತಾ? 4 ಸೆಂ.ಮೀ. ಒಳಗಿನ ಗಡ್ಡೆಗೆ ಈಗ ಮೊದಲ ಆಯ್ಕೆಯೇ ಅದು. ಇಲ್ಲೂ ಸಿಟಿಯೇ ದಾರಿ ತೋರಿಸುವುದು.

---

ತುಂತುರು:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ರಿಪೋರ್ಟಿನಲ್ಲಿ ಬಾಸ್ನಿಯಾಕ್ 2ಎಫ್ ಸಿಸ್ಟ್ ಅಂತ ಬರೆದಿದ್ದಾರೆ. ಇದೂ ಇದೇ ಸಾಲಿಗೆ ಸೇರುತ್ತದಾ? ಆಪರೇಷನ್ ಬೇಕಾ?

---

ಬೂದುಬಿಳುಪು:

ತುಂತುರು, ನಿಮ್ಮದು ಬೇರೆ ಸಾಲು. ಮೇಲೆ ಹೇಳಿದ್ದೆಲ್ಲಾ ಘನ ಗಡ್ಡೆಗೆ. ನೀರಿನ ಚೀಲ ಸಾದಾ ಆಗಿಲ್ಲದೆ ಒಳಗೆ ಗೋಡೆ, ಸುಣ್ಣ, ಗಂಟು ಇದ್ದಾಗ ಎಷ್ಟು ಅನುಮಾನಿಸಬೇಕು ಅಂತ 1986ರಲ್ಲಿ ಮಾರ್ಟನ್ ಬಾಸ್ನಿಯಾಕ್ ಎಂಬ ರೇಡಿಯಾಲಜಿಸ್ಟ್ ದರ್ಜೆ ಮಾಡಿಕೊಟ್ಟರು, 2019ರಲ್ಲಿ ಅದನ್ನು ತಿದ್ದಿ ಎಂಆರ್‌ಐಗೂ ಹೊಂದಿಸಿದ್ದಾರೆ. 1 ಮತ್ತು 2 ಬಂದರೆ ಮರೆತುಬಿಡಬಹುದು. 3 ಬಂದರೆ ಹೆಚ್ಚು ಕಡಿಮೆ ಅರ್ಧಕ್ಕರ್ಧ ಕ್ಯಾನ್ಸರ್, 4ರಲ್ಲಿ ಬಹುಪಾಲು ಕ್ಯಾನ್ಸರ್. ನಿಮ್ಮ 2ಎಫ್‌ನ ಎಫ್ ಅಂದರೆ ಫಾಲೋ ಅಪ್, ನೋಡಿಕೊಳ್ಳುತ್ತಾ ಇರಿ ಅಂತ. ಆರು ತಿಂಗಳಿಗೆ, ಒಂದು ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ, ಐದು ವರ್ಷದವರೆಗೆ. ಹೆಚ್ಚಿನವು ಹಾಗೆಯೇ ಉಳಿಯುತ್ತವೆ. ಮುಂದಿನ ಸ್ಕ್ಯಾನ್‌ನಲ್ಲಿ ಗಾತ್ರ ಹೆಚ್ಚಾಯಿತಾ ಅನ್ನುವುದಕ್ಕಿಂತ ಒಳಗಿನ ಗೋಡೆ ದಪ್ಪ ಆಯಿತಾ, ಹೊಸ ಗಂಟು ಬಂತಾ ಅನ್ನುವುದನ್ನು ನೋಡುತ್ತಾರೆ. ತಪ್ಪಿಸಿಕೊಳ್ಳಬೇಡಿ, ಅಷ್ಟೇ.

---

ಹೊಂಗೆನೆರಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಟಿ ಆಯಿತು. ಉಸಿರಿನ ಅಭ್ಯಾಸ ಮಾಡಿಸಿದ್ದು ಒಳ್ಳೆಯದಾಯಿತು, ಅಮ್ಮ ಗಾಬರಿ ಆಗಲಿಲ್ಲ. ಡಾಕ್ಟರ್ ಹೇಳಿದ ಹಾಗೆ ರಕ್ತ ಪರೀಕ್ಷೆ ಮತ್ತೆ ಮಾಡಿಸಿದೆವು, ಕ್ರಿಯಾಟಿನಿನ್ ಅಷ್ಟೇ ಇದೆ.

ರಿಪೋರ್ಟಿನ ಸಾರ ಹೀಗಿದೆ. ಎಡ ಕಿಡ್ನಿಯ ಕೆಳಗಿನ ತುದಿಯಲ್ಲಿ 3.2 ಸೆಂ.ಮೀ. ಘನ ಗಡ್ಡೆ, ಅರ್ಧಕ್ಕಿಂತ ಜಾಸ್ತಿ ಕಿಡ್ನಿಯಿಂದ ಹೊರಗೆ ಉಬ್ಬಿದೆ. ಕಾಂಟ್ರಾಸ್ಟ್ ಇಲ್ಲದೆ 33 ಎಚ್‌ಯು, ಮೊದಲ ಹಂತದಲ್ಲಿ 165, ಎರಡನೆಯದರಲ್ಲಿ 118. ಕೊಬ್ಬು ಇಲ್ಲ. ಮೂತ್ರ ಸೇರುವ ಭಾಗದಿಂದ 9 ಮಿ.ಮೀ. ದೂರ. ಕಿಡ್ನಿಯ ದೊಡ್ಡ ರಕ್ತನಾಳದಲ್ಲಿ ಏನೂ ಇಲ್ಲ, ಲಿಂಫ್ ಗಂಟು ದೊಡ್ಡದಾಗಿಲ್ಲ, ಅಡ್ರಿನಲ್ (ಕಿಡ್ನಿಯ ಮೇಲಿರುವ ಗ್ರಂಥಿ) ಮತ್ತು ಬಲ ಕಿಡ್ನಿ ಸರಿ ಇವೆ.

ಇನ್ನೊಂದು ವಿಷಯ. ಹಳೇ ಸಿಟಿಯ ಸಿಡಿ ಸಿಕ್ಕಿತು. ಇಲ್ಲಿಯ ರೇಡಿಯಾಲಜಿಸ್ಟ್ ಅದನ್ನೂ ಹಾಕಿ ನೋಡಿ, ಆಗಲೇ ಅದೇ ಜಾಗದಲ್ಲಿ ಸುಮಾರು 2.5 ಸೆಂ.ಮೀ. ಉಬ್ಬು ಇತ್ತು ಅಂದರು. ಆಗಿನ ರಿಪೋರ್ಟಿನಲ್ಲಿ ಕಲ್ಲಿನ ಮಾತು ಬಿಟ್ಟರೆ ಇದರ ಸುದ್ದಿಯೇ ಇಲ್ಲ. ಎರಡು ವರ್ಷ ಸುಮ್ಮನೆ ಹೋಯಿತಲ್ಲ ಅಂತ ಸಂಕಟ ಆಗುತ್ತಿದೆ. ತಡ ಆಗಿಬಿಟ್ಟಿತಾ?

---

ಬೂದುಬಿಳುಪು:

ಸಂಕಟ ಆಗುವುದು ಸಹಜ. ಆದರೆ ನಿಮ್ಮ ಅಂಕಿಗಳನ್ನೇ ನೋಡಿ. ಎರಡು ವರ್ಷಕ್ಕೆ 0.7 ಸೆಂ.ಮೀ., ಅಂದರೆ ವರ್ಷಕ್ಕೆ ಮೂರೂವರೆ ಮಿ.ಮೀ. ಆಸುಪಾಸು. ಚಿಕ್ಕ ಕಿಡ್ನಿ ಗಡ್ಡೆಗಳು ಸಾಮಾನ್ಯವಾಗಿ ಬೆಳೆಯುವ ವೇಗವೇ ಇದು. ಓಡುತ್ತಿರುವ ಗಡ್ಡೆ ಅಲ್ಲ. ಆಗಲೂ 4 ಸೆಂ.ಮೀ. ಒಳಗಿತ್ತು, ಈಗಲೂ ಒಳಗೇ ಇದೆ. ಕ್ಯಾನ್ಸರ್ ಅಂತಲೇ ಅಂದುಕೊಂಡರೂ ಹಂತ ಬದಲಾಗಿಲ್ಲ, ಕಿಡ್ನಿಯೊಳಗೇ ಇರುವ 4 ಸೆಂ.ಮೀ. ವರೆಗಿನದ್ದು ಟಿ1ಎ, ಎಲ್ಲಕ್ಕಿಂತ ಮೊದಲ ಮೆಟ್ಟಿಲು. 7 ದಾಟಿದರೆ ಟಿ2, ರಕ್ತನಾಳಕ್ಕೆ ಅಥವಾ ಸುತ್ತಲಿನ ಕೊಬ್ಬಿಗೆ ನುಗ್ಗಿದರೆ ಟಿ3. ಅದಕ್ಕೇ ರಿಪೋರ್ಟಿನಲ್ಲಿ ರಕ್ತನಾಳದ ಬಗ್ಗೆ ಬರೆದಿರುವ ಆ ಒಂದು ಸಾಲು ನನಗೆ ಬಹಳ ಸಮಾಧಾನ ಕೊಟ್ಟಿತು.

ಆಗ ಯಾಕೆ ಬಿಟ್ಟುಹೋಯಿತು ಅಂದರೆ, ಕಲ್ಲಿನ ಸಿಟಿಗೆ ಕಾಂಟ್ರಾಸ್ಟ್ ಕೊಡುವುದಿಲ್ಲ. ಕಿಡ್ನಿ 30–40 ಎಚ್‌ಯು, ಗಡ್ಡೆ 33. ಎರಡೂ ಒಂದೇ ಬೂದು ಬಣ್ಣ. ಅಂಚು ಉಬ್ಬಿದ್ದನ್ನು ಗಮನಿಸಿದರೆ ಮಾತ್ರ ಗೊತ್ತಾಗುತ್ತದೆ. ಗಮನಿಸಬೇಕಿತ್ತು ಅನ್ನುವುದನ್ನೂ ನಾನು ಅಲ್ಲಗಳೆಯುವುದಿಲ್ಲ.

33ರಿಂದ 165ಕ್ಕೆ ಹೋಗಿ 118ಕ್ಕೆ ಇಳಿದಿದೆ. ಬೇಗ ಹೊಳೆದು ಮಂಕಾಗಿದೆ. ಕ್ಲಿಯರ್ ಸೆಲ್ ಇರುವ ಸಾಧ್ಯತೆ ಮುಂದಿದೆ, ಆಂಕೊಸೈಟೋಮಾ ಕೂಡ ಹೀಗೇ ಮಾಡಬಹುದು. ಸಿಟಿ ಇಲ್ಲಿಗೆ ನಿಲ್ಲುತ್ತದೆ.

---

ಹಸಿರುಗೌನು:

ಆಪರೇಷನ್ ದೃಷ್ಟಿಯಿಂದ ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ನಾವು ಸಿಟಿ ನೋಡಿ ರೀನಲ್ ಸ್ಕೋರ್ ಅಂತ ಹಾಕುತ್ತೇವೆ, 2009ರಿಂದ ಬಳಕೆಯಲ್ಲಿದೆ. ಗಾತ್ರ, ಎಷ್ಟು ಹೊರಗೆ ಉಬ್ಬಿದೆ, ಮೂತ್ರ ಸೇರುವ ಭಾಗಕ್ಕೆ ಎಷ್ಟು ಹತ್ತಿರ, ಮೇಲೆ ಕೆಳಗೆ ಯಾವ ಮಟ್ಟದಲ್ಲಿದೆ, ಒಂದೊಂದಕ್ಕೂ 1ರಿಂದ 3 ಅಂಕ. ಒಟ್ಟು 4ರಿಂದ 6 ಬಂದರೆ ಸುಲಭ, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕಷ್ಟ. ನೀವು ಬರೆದಿರುವುದನ್ನು ನೋಡಿದರೆ 4 ಸೆಂ.ಮೀ. ಒಳಗೆ, ಅರ್ಧಕ್ಕಿಂತ ಹೊರಗೆ, 7 ಮಿ.ಮೀ.ಗಿಂತ ದೂರ, ಕೆಳ ತುದಿ. 4 ಅಥವಾ ಅದರ ಆಸುಪಾಸು ಬರಬಹುದು. ನಿಮ್ಮ ಡಾಕ್ಟರ್ ಚಿತ್ರ ನೋಡಿ ಹಾಕುವ ಅಂಕವೇ ಸರಿಯಾದದ್ದು.

ಅಮ್ಮನ ಇಜಿಎಫ್‌ಆರ್ ಈಗಾಗಲೇ 47. ಇಡೀ ಕಿಡ್ನಿ ತೆಗೆದರೆ ಮುಂದೆ ತೊಂದರೆ ಆಗಬಹುದು. ಹಾಗಾಗಿ ಗಡ್ಡೆ ಮಾತ್ರ ತೆಗೆಯುವ ಬಗ್ಗೆಯೇ ಮಾತು ಶುರು ಮಾಡಿ. ಯಾರಾದರೂ ಇಡೀ ಕಿಡ್ನಿ ತೆಗೆಯಬೇಕು ಅಂದರೆ ಈ ಸ್ಕ್ಯಾನ್‌ನಲ್ಲಿ ಯಾವ ಕಾರಣ ಕಂಡಿತು ಅಂತ ತೋರಿಸಲು ಹೇಳಿ, ಎರಡನೇ ಅಭಿಪ್ರಾಯ ತಗೊಳ್ಳಿ. ಎದೆಯ ಚಿತ್ರ ಕೂಡ ಆಗಬೇಕು, ಕಿಡ್ನಿ ಕ್ಯಾನ್ಸರ್ ಹರಡಿದರೆ ಶ್ವಾಸಕೋಶಕ್ಕೆ ಹೋಗುವುದು ಹೆಚ್ಚು. ಈ ಗಾತ್ರಕ್ಕೆ ಹರಡಿರುವ ಸಾಧ್ಯತೆ ಕಡಿಮೆ, ಆದರೂ ನೋಡಬೇಕು.

---

ಹೊಂಗೆನೆರಳು:

ಈಗ ಧೈರ್ಯ ಬಂತು. ಬಯಾಪ್ಸಿ ಬಗ್ಗೆ ನೀವು ಹೇಳಿದ ಪ್ರಶ್ನೆಯನ್ನೂ, ಕಿಡ್ನಿ ಉಳಿಸುವ ಪ್ರಶ್ನೆಯನ್ನೂ ಬರೆದಿಟ್ಟುಕೊಂಡಿದ್ದೇನೆ. ನೇರಮಾತು ಅವರ ಮಾತನ್ನೂ ಮರೆಯುವುದಿಲ್ಲ. ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಫಿಲ್ಮ್ ತಗೊಂಡು ಹೋದರೆ ಸಾಕಾ?

---

ರಾತ್ರಿಪಾಳಿ:

ಸಾಲದು. ಫಿಲ್ಮ್‌ನಲ್ಲಿ ಆಯ್ದ ಕೆಲವು ಚಿತ್ರ ಮಾತ್ರ ಇರುತ್ತವೆ, ಅದರ ಮೇಲೆ ಎಚ್‌ಯು ಅಳೆಯಲೂ ಆಗುವುದಿಲ್ಲ. ಎಲ್ಲಾ ಸುತ್ತುಗಳ ತೆಳು ಸ್ಲೈಸ್ ಇರುವ ಡೈಕಾಮ್ (ಸ್ಕ್ಯಾನ್ ಯಂತ್ರದ ಮೂಲ ಚಿತ್ರಗಳ ಫೈಲ್) ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ. ಕೌಂಟರ್ ಬಿಡುವ ಮೊದಲೇ ಒಂದು ಸಲ ಅವರ ಕಂಪ್ಯೂಟರಿನಲ್ಲಿ ಹಾಕಿಸಿ, ಕಾಂಟ್ರಾಸ್ಟ್ ಇಲ್ಲದ ಸುತ್ತೂ ಅದರಲ್ಲಿ ಬಂದಿದೆಯಾ ನೋಡಿ. ಎರಡು ವರ್ಷದ ಹಿಂದಿನ ಸಿಡಿಯನ್ನೂ ಜೊತೆಗೆ ಕೊಡಿ. ಎರಡರದ್ದೂ ಒಂದೊಂದು ಪ್ರತಿ ಮನೆಯಲ್ಲಿ ಇರಲಿ. ಆಪರೇಷನ್ ಆದ ಮೇಲೂ ಹೋಲಿಸಿ ನೋಡಲು ಇವು ಬೇಕಾಗುತ್ತವೆ.